ಕೈಯಳತೆಯ ಪಿಸ್ತೂಲು

ಆಯುಧದ ಲಕ್ಷಣವನ್ನು ಹೇಳುವಾಗ ನಮ್ಮ ಪ್ರಾಚೀನರು ಮೊದಲು ಹೇಳುತ್ತಿದ್ದುದು ಅದರ ಅಳತೆಯನ್ನು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಖಡ್ಗಲಕ್ಷಣಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಐವತ್ತು ಅಂಗುಲದ ಕತ್ತಿಯು ಉತ್ತಮವೆಂದೂ ಇಪ್ಪತ್ತೈದು ಅಂಗುಲದ್ದು ಕನಿಷ್ಠವೆಂದೂ ಆರಂಭದಲ್ಲಿಯೇ ವಿಧಿಸುತ್ತಾನೆ. ಅಗ್ನಿಪುರಾಣದ ಧನುರ್ವೇದ ಭಾಗದಲ್ಲಿ ನಾಲ್ಕು ಮೊಳದ ಬಿಲ್ಲು ಶ್ರೇಷ್ಠ, ಮೂರೂವರೆ ಮೊಳದ್ದು ಮಧ್ಯಮ, ಮೂರು ಮೊಳದ್ದು ಅಧಮ ಎಂದಿದೆ. ಅಂಗುಲವೆಂದರೆ ಬೆರಳಿನ ಅಗಲ. ಮೊಳವೆಂದರೆ ಮೊಳಕೈಯಿಂದ ಬೆರಳ ತುದಿಯವರೆಗಿನ ಉದ್ದ. ಎರಡೂ ಮನುಷ್ಯಶರೀರದಿಂದ ಹುಟ್ಟಿದ ಮಾನಗಳು. ಪಾಠಶಾಲೆಯಲ್ಲಿ ಇವನ್ನು ಓದಿದ ದಿನಗಳಲ್ಲಿ ಇದೊಂದು ಒಣ ಲೆಕ್ಕವೆಂದೇ ನಾನು ಎಣಿಸಿದ್ದೆನು. ಆದರೆ ಇವುಗಳಲ್ಲಿ ಗಮನಿಸತಕ್ಕ ವಿಷಯವೊಂದಿದೆ: ಬಿಲ್ಲಾಗಲಿ ಕತ್ತಿಯಾಗಲಿ, ದೊಡ್ಡದು ಉತ್ತಮ, ಸಣ್ಣದು ಅಧಮ. ಈ ಎಣಿಕೆಯನ್ನು ತಲೆಕೆಳಗು ಮಾಡಿದ ಆಯುಧವೊಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿತು. ಅದರ ಚರಿತ್ರೆಯಲ್ಲಿ ಸಣ್ಣದೇ ಉತ್ತಮವಾಯಿತು. ಪ್ರಕೃತ ಲೇಖನದ ವಿಷಯ ಅದು.

ಈ ವಿಷಯವನ್ನು ನಾನು ಹುಡುಕಿಕೊಂಡು ಹೋದವನಲ್ಲ. ಬಂದೂಕನ್ನು ಕೈಯಲ್ಲಿ ಹಿಡಿದವನೂ ಅಲ್ಲ. ಪ್ರೌಢಶಾಲೆಯಲ್ಲಿ ಇತಿಹಾಸವನ್ನು ಬೋಧಿಸುತ್ತಿದ್ದಾಗ, ಒಂದು ವರ್ಷ ಜನವರಿ ೩೦ರಂದು, ಎರಡು ನಿಮಿಷದ ಮೌನ ಮುಗಿದ ಮೇಲೆ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, “ಸಾರ್, ಅಷ್ಟೊಂದು ಜನ ಸುತ್ತ ಇದ್ದರಲ್ಲ, ಅವನ ಕೈಯಲ್ಲಿದ್ದ ಪಿಸ್ತೂಲು ಯಾರಿಗೂ ಏಕೆ ಕಾಣಲಿಲ್ಲ?” ಎಂದು ಕೇಳಿದಳು. ಪ್ರಾರ್ಥನೆಗೆ ಬರುವವರನ್ನು ಶೋಧಿಸಕೂಡದೆಂದು ಗಾಂಧೀಜಿಯವರು ಹೇಳಿದ್ದರು, ಗುಂಪು ಹೆಚ್ಚಾಗಿದ್ದಿತು, ಎಂದು ನಾನು ಹೇಳಿದೆನು. ಹೇಳಿದ್ದು ಸುಳ್ಳಲ್ಲ. ಆದರೆ ಅವಳು ಕೇಳಿದ್ದು ಗುಂಪಿನ ವಿಷಯವನ್ನಲ್ಲ, ಪಿಸ್ತೂಲಿನ ವಿಷಯವನ್ನು. ಆ ಪ್ರಶ್ನೆ ನನ್ನ ಬಳಿಯಲ್ಲಿಯೇ ಉಳಿಯಿತು.

ಮೊದಲು ಹೆಸರಿನ ವಿಚಾರ. ರಿವಾಲ್ವರಿನಲ್ಲಿ ತೋಟಾಗಳು ಒಂದು ಉರುಳೆಯ ತೂತುಗಳಲ್ಲಿ ಕುಳಿತಿರುತ್ತವೆ; ಪ್ರತಿ ಸಲ ಹಿಡಿದವನ ಕೈಯ ಬಲವೇ ಆ ಉರುಳೆಯನ್ನು ತಿರುಗಿಸಬೇಕು. ನಾವು ಇಲ್ಲಿ ಹೇಳುವ ಪಿಸ್ತೂಲು ಬೇರೆ ಬಗೆಯದು. ಒಂದು ಗುಂಡು ಹಾರಿದಾಗ ಹಿಮ್ಮುಖವಾಗಿ ಉಂಟಾಗುವ ಒದೆತವೇ ಖಾಲಿ ತೋಟಾವನ್ನು ಹೊರಕ್ಕೆ ಎಸೆದು, ಕುದುರೆಯನ್ನು ಹಿಂದಕ್ಕೆ ಬಾಗಿಸಿ, ಮುಂದಿನ ತೋಟಾವನ್ನು ನಳಿಗೆಗೆ ತಳ್ಳುತ್ತದೆ. ಆದರೆ ಮತ್ತೊಂದು ಗುಂಡು ಹಾರಬೇಕಾದರೆ ಬೆರಳು ಮತ್ತೊಮ್ಮೆ ಎಳೆಯಬೇಕು. ಆದುದರಿಂದ ಇದಕ್ಕೆ ಅರೆಸ್ವಯಂಚಾಲಿತ ಎಂದು ಹೆಸರು. ಕೆಲಸದಲ್ಲಿ ಅರ್ಧ ಯಂತ್ರದ್ದು, ಅರ್ಧ ಮನುಷ್ಯನದು. ಉದ್ದೇಶವೆಲ್ಲ ಮನುಷ್ಯನದೆಂದು ಬೇರೆ ಹೇಳಬೇಕಾಗಿಲ್ಲ.

ಕರಿಮದ್ದಿನ ಕಾಲದಲ್ಲಿ ಇಂತಹ ಯಂತ್ರ ಸಾಧ್ಯವಿರಲಿಲ್ಲ. ಕರಿಮದ್ದು ಸುಟ್ಟಾಗ ಉಳಿಯುವ ಕಿಟ್ಟವು ಕೆಲವೇ ಗುಂಡುಗಳಲ್ಲಿ ಸೂಕ್ಷ್ಮವಾದ ಭಾಗಗಳನ್ನು ಕಚ್ಚಿ ನಿಲ್ಲಿಸುತ್ತಿದ್ದಿತು. ೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಎಂಬ ರಸಾಯನಜ್ಞನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ದಾರಿ ತೆರೆಯಿತು. ಅದೇ ಹೊತ್ತಿಗೆ ಹಿರಮ್ ಮ್ಯಾಕ್ಸಿಮನು ಒದೆತದ ಬಲದಿಂದಲೇ ನಡೆಯುವ ದೊಡ್ಡ ಬಂದೂಕನ್ನು ತೋರಿಸಿದ್ದನು. ಆ ದೊಡ್ಡ ಯಂತ್ರವನ್ನು ಕೈಗೆ ಇಳಿಸುವುದು ಹೇಗೆ ಎಂಬುದು ಮುಂದಿನ ಹತ್ತು ವರ್ಷಗಳ ಸಮಸ್ಯೆಯಾಯಿತು.

ಮೊದಲು ವ್ಯಾಪಾರಕ್ಕೆ ಬಂದು ಹೆಸರಾದದ್ದು ಹ್ಯೂಗೋ ಬೋರ್ಖಾರ್ಟನ ಪಿಸ್ತೂಲು. ಮ್ಯಾಗ್ಡೆಬರ್ಗಿನಲ್ಲಿ ಹುಟ್ಟಿ, ಅಮೆರಿಕದ ಕಾರ್ಖಾನೆಗಳಲ್ಲಿ ದುಡಿದು, ಬುಡಾಪೆಸ್ಟಿನಲ್ಲಿದ್ದು, ಕೊನೆಗೆ ಬರ್ಲಿನ್ನಿನ ಲುಡ್ವಿಗ್ ಲೋವೆ ಕಂಪೆನಿಗೆ ಬಂದವನು ಅವನು. ೧೮೯೩ರ ಆ ಪಿಸ್ತೂಲಿನಲ್ಲಿ ಒಂದು ದೊಡ್ಡ ಬುದ್ಧಿವಂತಿಕೆಯಿದ್ದಿತು: ಎಂಟು ತೋಟಾಗಳ ಮ್ಯಾಗಜೀನನ್ನು ಅವನು ಹಿಡಿಯ ಒಳಗೇ ಇಟ್ಟನು. ಕೈ ಹಿಡಿಯುವ ಜಾಗವು ಹೇಗೂ ಬೇಕು. ಅದು ಪೊಳ್ಳಾಗಿದ್ದರೆ ಅದರಲ್ಲಿಯೇ ಗುಂಡುಗಳನ್ನು ತುಂಬಬಹುದು. ಇಂದಿನ ಪಿಸ್ತೂಲುಗಳಲ್ಲಿ ಬಹುಪಾಲಿನವು ಈ ಕ್ರಮವನ್ನೇ ಅನುಸರಿಸುತ್ತವೆ. ಆದರೆ ಹಿಡಿಯ ಹಿಂದಕ್ಕೆ ಚಾಚಿಕೊಂಡಿದ್ದ ಸ್ಪ್ರಿಂಗಿನ ಡಬ್ಬಿ ಕೈಯ ಹದವನ್ನೆಲ್ಲ ಕೆಡಿಸುತ್ತಿದ್ದಿತು. ತೂಕ ಒಂದು ಕಿಲೋಗ್ರಾಮಿಗೆ ಮೀರಿದ್ದು. ಮರದ ತೋಳಾಸರೆಯೊಂದನ್ನು ಸಿಕ್ಕಿಸಿಕೊಂಡರೆ ಸಣ್ಣ ಬಂದೂಕಾಗುತ್ತಿದ್ದಿತು. ಒಂದೇ ಕೈಯಲ್ಲಿ ಹಿಡಿದರೆ ಅದೊಂದು ಕಾರ್ಖಾನೆ. ಮಾರಾಟವಾದವು ಸುಮಾರು ಮೂರು ಸಾವಿರ ಮಾತ್ರ.

ಇದರ ಹಿಂದೆಯೇ ೧೮೯೬ರಲ್ಲಿ ಮೌಸರ್ ಕಂಪೆನಿಯ ಪಿಸ್ತೂಲು ಬಂದಿತು. ಹತ್ತು ತೋಟಾಗಳು ಟ್ರಿಗರಿನ ಮುಂದುಗಡೆಯ ಪೆಟ್ಟಿಗೆಯಲ್ಲಿ. ಹಿಡಿಯು ಪೊರಕೆಯ ಹಿಡಿಯಂತೆ ಗುಂಡಗೆ. ಉದ್ದ ಸುಮಾರು ಒಂದು ಅಡಿ. ಇದರ ಒಂದು ಪ್ರಸಂಗಕ್ಕೆ ನಮ್ಮ ಬೆಂಗಳೂರಿನ ನಂಟಿದೆ. ೧೮೯೬ರ ಅಕ್ಟೋಬರಿನಲ್ಲಿ ಮುಂಬಯಿಯ ಸಸೂನ್ ಡಾಕಿನಲ್ಲಿ ದೋಣಿಯಿಂದ ಇಳಿಯುವಾಗ, ಗೋಡೆಯ ಕಬ್ಬಿಣದ ಬಳೆಯನ್ನು ಹಿಡಿದಿದ್ದ ತರುಣ ಅಧಿಕಾರಿಯೊಬ್ಬನ ಬಲಭುಜವು ಅಲೆಯ ಹೊಯ್ದಾಟಕ್ಕೆ ಕೀಲು ತಪ್ಪಿತು. ಬೆಂಗಳೂರಿನ ದಂಡಿನ ಪ್ರದೇಶಕ್ಕೆ ಬಂದು ನೆಲೆಸಿದ ಆತ, ಮೇಲ್ದೋಳನ್ನು ಮೈಗೆ ಕಟ್ಟಿಕೊಂಡು ಪೋಲೋ ಆಡುತ್ತಿದ್ದನು. ಹೆಸರು ವಿನ್ಸ್ಟನ್ ಚರ್ಚಿಲ್. ಎರಡು ವರ್ಷದ ಮೇಲೆ, ೧೮೯೮ರ ಸೆಪ್ಟೆಂಬರ್ ೨ರಂದು, ಸೂಡಾನಿನ ಓಮ್ಡುರ್ಮಾನಿನಲ್ಲಿ ೨೧ನೆಯ ಲ್ಯಾನ್ಸರ್ಸ್ ದಳದವರು ಕುದುರೆಗಳ ಮೇಲೆ ನುಗ್ಗಿದಾಗ, ಜೊತೆಯವರು ಕತ್ತಿಯನ್ನು ಹಿಡಿದರೆ ಚರ್ಚಿಲನು ಕತ್ತಿಯನ್ನು ಒರೆಗೆ ಸೇರಿಸಿ, ಲಂಡನಿನಲ್ಲಿ ಕೊಂಡಿದ್ದ ಮೌಸರನ್ನು ತೆಗೆದನು. ಭುಜ ಕತ್ತಿಯನ್ನು ಬೀಸಲಾರದು, ಪಿಸ್ತೂಲನ್ನು ಹಿಡಿಯಬಲ್ಲದು. ಶೌರ್ಯಕ್ಕೂ ಈ ಆಯ್ಕೆಗೂ ಸಂಬಂಧವಿಲ್ಲ. ಕೀಲು ತಪ್ಪಿದ ಭುಜವೇ ಆಯುಧವನ್ನು ಆರಿಸಿತು. ಪಿಸ್ತೂಲಿನ ಆಯ್ಕೆಯ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಬೋರ್ಖಾರ್ಟನ ಯಂತ್ರವನ್ನು ಕೈಗೆ ಒಗ್ಗಿಸಿದವನು ಟಿರೋಲಿನಲ್ಲಿ ಹುಟ್ಟಿದ ಗೇಯೋರ್ಗ್ ಲೂಗರ್. ಅವನು ಆ ದೊಡ್ಡ ಸ್ಪ್ರಿಂಗಿನ ಡಬ್ಬಿಯನ್ನು ತೆಗೆದು ಸ್ಪ್ರಿಂಗನ್ನು ಹಿಡಿಯೊಳಗೆ ಅಡಗಿಸಿದನು; ಹಿಡಿಯನ್ನು ಓರೆಯಾಗಿಸಿದನು. ನಾವು ಯಾರಿಗಾದರೂ ಬೆರಳು ತೋರಿಸುವಾಗ ಮಣಿಕಟ್ಟು ನೇರವಾಗಿದ್ದು ಮುಷ್ಟಿಯು ಸ್ವಲ್ಪ ಓರೆಯಾಗಿ ನಿಲ್ಲುತ್ತದೆಯಷ್ಟೆ. ಲೂಗರನ ಹಿಡಿ ಆ ಓರೆಗೆ ಹೊಂದುತ್ತದೆ. ಹಿಡಿದ ಕೂಡಲೆ ನಳಿಗೆಯು ತಾನಾಗಿಯೇ ಗುರಿಯ ಕಡೆಗೆ ನಿಲ್ಲುವಂತೆ ತೋರುತ್ತದೆ. ೧೯೦೦ರಲ್ಲಿ ಸ್ವಿಟ್ಜರ್ಲೆಂಡಿನ ಸೈನ್ಯವೂ ೧೯೦೮ರಲ್ಲಿ ಜರ್ಮನಿಯ ಸೈನ್ಯವೂ ಇದನ್ನು ಅಂಗೀಕರಿಸಿದವು. ‘ಪ್ಯಾರಬೆಲ್ಲಂ’ ಎಂದು ಇದಕ್ಕೆ ಮಾರಾಟದ ಹೆಸರು. ಯುದ್ಧಕ್ಕೆ ಸಿದ್ಧನಾಗು ಎಂದು ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ. ಹೆಸರಿಡುವುದರಲ್ಲಿ ಆಯುಧದ ವ್ಯಾಪಾರಿಗಳು ಕವಿಗಳಿಗೆ ಕಡಮೆಯಲ್ಲ.

ಇಷ್ಟಾದರೂ ಇವೆಲ್ಲ ಸೊಂಟದ ಪಟ್ಟಿಗೆ ತೂಗುಹಾಕುವ, ಎಲ್ಲರಿಗೂ ಕಾಣುವ ಆಯುಧಗಳು. ಅದನ್ನು ಜೇಬಿಗೆ ಇಳಿಸಿದವನು ಜಾನ್ ಮೋಸೆಸ್ ಬ್ರೌನಿಂಗ್.

೧೮೫೫ರಲ್ಲಿ ಅಮೆರಿಕದ ಯೂಟಾ ಪ್ರಾಂತದ ಆಗ್ಡೆನ್ ಎಂಬ ಊರಿನಲ್ಲಿ ಬಂದೂಕು ಮಾಡುವವನ ಮಗನಾಗಿ ಹುಟ್ಟಿದ ಬ್ರೌನಿಂಗನು ತಂದೆಯ ಅಂಗಡಿಯಲ್ಲಿಯೇ ವಿದ್ಯೆಯನ್ನು ಕಲಿತನು. ಒಂದು ಸಲ ಗುಂಡಿನ ಪಂದ್ಯದಲ್ಲಿ, ಬಂದೂಕಿನ ಬಾಯಿಂದ ಹೊರಟ ಗಾಳಿಯು ಎದುರಿನ ಜೊಂಡನ್ನು ಬಗ್ಗಿಸಿದುದನ್ನು ಕಂಡು, ಇಷ್ಟು ಬಲ ವ್ಯರ್ಥವಾಗುತ್ತಿದೆಯಲ್ಲ ಎಂದು ಯೋಚಿಸಿದನೆಂದು ಹೇಳುವರು. ೧೮೯೭ರಲ್ಲಿ ಅವನು ಪಡೆದ ಪೇಟೆಂಟುಗಳಲ್ಲಿ ಪಿಸ್ತೂಲಿನ ‘ಸ್ಲೈಡು’ ಇದ್ದಿತು: ನಳಿಗೆಯ ಮೇಲೆ ಮುಚ್ಚಳದಂತೆ ಕುಳಿತು ಹಿಂದಕ್ಕೂ ಮುಂದಕ್ಕೂ ಜಾರುವ ಉಕ್ಕಿನ ತುಂಡು. ಸಣ್ಣ ತೋಟಾಗಳ ಪಿಸ್ತೂಲಿನಲ್ಲಿ ಬೇರೆ ಬೀಗವೇ ಬೇಕಾಗಿಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗಿ, ಇವೆರಡೇ ಗುಂಡು ಹೊರಟುಹೋಗುವವರೆಗೆ ಬಾಗಿಲನ್ನು ಮುಚ್ಚಿ ಹಿಡಿಯುತ್ತವೆ. ನೋಡಿದರೆ ಇಷ್ಟೇ, ಆದರೆ ಇಷ್ಟನ್ನು ಅದುವರೆಗೆ ಯಾರೂ ಹೀಗೆ ಒಂದುಗೂಡಿಸಿರಲಿಲ್ಲ.

ಅದೇ ೧೮೯೭ರಲ್ಲಿ ಬೆಲ್ಜಿಯಮಿನ ಹೆರ್ಸ್ತಾಲಿನ ‘ಫಾಬ್ರಿಕ್ ನಾಸಿಯೊನಾಲ್’ ಎಂಬ ಕಾರ್ಖಾನೆಯವರು ಹಾರ್ಟ್ ಬರ್ಗ್ ಎಂಬ ತಮ್ಮ ಅಧಿಕಾರಿಯನ್ನು ಅಮೆರಿಕಕ್ಕೆ ಕಳುಹಿಸಿದರು. ಬಂದೂಕಿಗಾಗಿ ಅಲ್ಲ, ಬೈಸಿಕಲ್ಲಿನ ತಯಾರಿಕೆಯನ್ನು ನೋಡಿಬರುವುದಕ್ಕಾಗಿ. ಸೈನ್ಯದ ರೈಫಲುಗಳ ಬೇಡಿಕೆ ಕುಗ್ಗಿ, ಕಾರ್ಖಾನೆಗೆ ಕೆಲಸವಿರಲಿಲ್ಲ. ಬೈಸಿಕಲ್ಲನ್ನು ನೋಡಲು ಹೋದವನು ಬ್ರೌನಿಂಗನ ಪಿಸ್ತೂಲನ್ನು ಕಂಡು ಬಂದನು. ಕರಾರು ಆಯಿತು. ೧೯೦೦ರ ಮಾದರಿಯೆಂದು ಹೆಸರಾದ ಆ ಪಿಸ್ತೂಲು ಸುಮಾರು ೬೨೫ ಗ್ರಾಂ ತೂಕದ್ದು, ಏಳು ತೋಟಾಗಳದು, ಚಪ್ಪಟೆಯಾದದ್ದು. ಮೊದಲನೆಯ ಮಹಾಯುದ್ಧಕ್ಕೆ ಮುಂಚೆಯೇ ಆ ಕಾರ್ಖಾನೆಯಿಂದ ಹತ್ತು ಲಕ್ಷ ಬ್ರೌನಿಂಗ್ ಪಿಸ್ತೂಲುಗಳು ಹೊರಬಂದಿದ್ದವು. ಫ್ರೆಂಚ್ ಭಾಷೆಯಲ್ಲಿ ಪಿಸ್ತೂಲಿಗೇ ‘ಬ್ರೌನಿಂಗ್’ ಎನ್ನುವ ಪದ ರೂಢಿಯಾಯಿತು.

ಅವನು ಈ ಪಿಸ್ತೂಲಿಗಾಗಿ ರೂಪಿಸಿದ ೭.೬೫ ಮಿಲಿಮೀಟರಿನ ತೋಟಾ ಇಂದಿಗೂ ನಡೆಯುತ್ತಿದೆ. ನಮ್ಮ ದೇಶದಲ್ಲಿ ೧೯೫೯ರ ಆಯುಧ ಕಾನೂನಿನ ಪ್ರಕಾರ ಸೈನ್ಯದ ೯ ಮಿಲಿಮೀಟರಿನ ತೋಟಾ ಸಾಮಾನ್ಯ ಪ್ರಜೆಗೆ ನಿಷಿದ್ಧವಾದುದರಿಂದ, ಲೈಸೆನ್ಸು ಪಡೆದವನು ಪಿಸ್ತೂಲನ್ನು ಕೊಳ್ಳಹೊರಟರೆ ಅವನಿಗೆ ಸಾಮಾನ್ಯವಾಗಿ ಸಿಕ್ಕುವುದು ಬ್ರೌನಿಂಗನ ಈ ಹಳೆಯ ಅಳತೆಯೇ. ಸರ್ಕಾರದ ಕಾರ್ಖಾನೆಯಲ್ಲಿ ತಯಾರಾದ ಇದೇ ಅಳತೆಯ ಪಿಸ್ತೂಲಿಗೆ ‘ಅಶನಿ’ ಎಂದು ಹೆಸರಿಟ್ಟರು. ಅಶನಿಯೆಂದರೆ ಸಿಡಿಲು, ಇಂದ್ರನ ವಜ್ರ. ಅಮರಕೋಶವನ್ನು ಬಾಯಿಪಾಠ ಮಾಡಿದವನಿಗೆ ಇದನ್ನು ಕೇಳಿ ನಗು ಬಂದರೆ ಕ್ಷಮಿಸಬೇಕು. ವಜ್ರಾಯುಧವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ ಇಂದ್ರನನ್ನು ಯಾವ ಪುರಾಣಿಕನೂ ವರ್ಣಿಸಿಲ್ಲ.

ಜೇಬಿಗಿಳಿದ ಆಯುಧದ ಪರಿಣಾಮ ಬೇಗನೆಯೇ ಕಾಣಿಸಿತು. ೧೯೦೪ರ ಜೂನ್ ೧೬ರಂದು ಹೆಲ್ಸಿಂಕಿಯಲ್ಲಿ ರಷ್ಯದ ಗವರ್ನರ್ ಜನರಲ್ ಬೊಬ್ರಿಕೊಫನನ್ನು ಯೂಗೆನ್ ಷೌಮನ್ ಎಂಬ ಗುಮಾಸ್ತನು ಹೊಡೆದುದು ೧೯೦೦ರ ಬ್ರೌನಿಂಗಿನಿಂದ. ೧೯೦೯ರ ಅಕ್ಟೋಬರ್ ೨೬ರಂದು ಹಾರ್ಬಿನ್ನಿನ ರೈಲುನಿಲ್ದಾಣದಲ್ಲಿ ಕೊರಿಯದ ಆನ್ ಜುಂಗ್‌ಗುನ್ ಜಪಾನಿನ ಇಟೊ ಹಿರೊಬುಮಿಯನ್ನು ಹೊಡೆದುದೂ ಅದರಿಂದಲೇ. ನಮ್ಮ ದೇಶಕ್ಕೂ ಅದು ತಡವಾಗಿ ಬರಲಿಲ್ಲ. ಲಂಡನಿನಿಂದ ಸಾವರ್ಕರರು ಪೆಟ್ಟಿಗೆಯ ಕಳ್ಳತಳದಲ್ಲಿ ಇಟ್ಟು ಕಳುಹಿಸಿದ ಇಪ್ಪತ್ತು ಬ್ರೌನಿಂಗುಗಳು ೧೯೦೯ರಲ್ಲಿ ಮುಂಬಯಿಗೆ ಬಂದವು. ಅದೇ ವರ್ಷದ ಡಿಸೆಂಬರ್ ೨೧ರಂದು ನಾಸಿಕದ ನಾಟಕಶಾಲೆಯಲ್ಲಿ ಅನಂತ ಕಾನ್ಹೇರೆಯು ಕಲೆಕ್ಟರ್ ಜ್ಯಾಕ್ಸನನನ್ನು ಕೊಂದನು. ೧೯೧೧ರ ಜೂನ್ ೧೭ರಂದು ಮಣಿಯಾಚ್ಚಿ ಜಂಕ್ಷನ್ನಿನಲ್ಲಿ ನಿಂತಿದ್ದ ರೈಲಿನ ಡಬ್ಬಿಯೊಳಗೆ ವಾಂಚಿನಾಥನು ಕಲೆಕ್ಟರ್ ಆಷ್‌ನನ್ನು ಹೊಡೆದದ್ದು ಬೆಲ್ಜಿಯಮಿನ ಬ್ರೌನಿಂಗಿನಿಂದ. ಇದಕ್ಕೆ ಹೋಲಿಸಿದರೆ, ೧೯೧೪ರ ಆಗಸ್ಟ್ ೨೬ರಂದು ಕಲಕತ್ತೆಯ ರೋಡಾ ಕಂಪೆನಿಯಿಂದ ಬಂಗಾಳದ ಕ್ರಾಂತಿಕಾರಿಗಳು ಸಾಗಿಸಿದ ಐವತ್ತು ಮೌಸರುಗಳು ಮತ್ತು ೪೬,೦೦೦ ತೋಟಾಗಳು ಬೇರೆ ಜಾತಿಯವು. ಮೌಸರನ್ನು ಹಿಡಿದವನು ಬಾಘಾ ಜತೀನನಂತೆ ಬಾಲಸೋರಿನ ಬಯಲಿನಲ್ಲಿ ನಿಂತು ಕಾದಾಡಬಹುದು. ಬ್ರೌನಿಂಗನ್ನು ಹಿಡಿದವನು ನಾಟಕಶಾಲೆಯನ್ನು ಹೊಗಬಹುದು. ಆಯುಧವನ್ನು ನೋಡಿದರೆ ಕಾರ್ಯದ ರೂಪವನ್ನು ಊಹಿಸಬಹುದು. ನಮ್ಮ ಚರಿತ್ರಕಾರರು ಈ ಭೇದವನ್ನು ಸಾಕಷ್ಟು ಗಮನಿಸಿಲ್ಲವೆಂದು ನನ್ನ ಅಭಿಪ್ರಾಯ.

ಬ್ರೌನಿಂಗನು ಅಲ್ಲಿಗೇ ನಿಲ್ಲಲಿಲ್ಲ. ವೇಸ್ಟ್‌ಕೋಟಿನ ಜೇಬಿಗೆಂದೇ ೬.೩೫ ಮಿಲಿಮೀಟರಿನ, ಹನ್ನೊಂದೂವರೆ ಸೆಂಟಿಮೀಟರಿಗಿಂತ ಸ್ವಲ್ಪ ಕಡಮೆ ಉದ್ದದ ಒಂದು ಪುಟ್ಟ ಪಿಸ್ತೂಲನ್ನು ಮಾಡಿದನು. ಕೋಲ್ಟ್ ಕಂಪೆನಿಗೆ ೧೯೦೩ರಲ್ಲಿ ಕೊಟ್ಟ ಜೇಬಿನ ಮಾದರಿಯಲ್ಲಿ ಕುದುರೆಯನ್ನು ಸ್ಲೈಡಿನೊಳಗೆ ಮರೆಮಾಡಿದನು. ೧೯೩೧ರ ಫೆಬ್ರವರಿ ೨೭ರಂದು ಅಲಹಾಬಾದಿನ ಆಲ್‌ಫ್ರೆಡ್ ಪಾರ್ಕಿನಲ್ಲಿ ಚಂದ್ರಶೇಖರ ಆಜಾದರ ಕೈಯಲ್ಲಿದ್ದುದು ಆ ಕೋಲ್ಟ್. ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇಟ್ಟಿದ್ದಾರೆ. ಆದರೆ ಅವನ ಜೇಬಿನ ಪಿಸ್ತೂಲುಗಳಲ್ಲಿ ಅತ್ಯಂತ ನಯವಾದದ್ದು ೧೯೧೦ರ ಮಾದರಿ. ಸ್ಪ್ರಿಂಗನ್ನು ನಳಿಗೆಯ ಸುತ್ತಲೇ ಸುತ್ತಿದುದರಿಂದ ಪಿಸ್ತೂಲು ತೆಳ್ಳಗಾಯಿತು. ಹೊರಗೆ ಕುದುರೆಯಿಲ್ಲ, ಗುರಿ ನೋಡುವ ಕಣ್ಣುಗಳು ಕೂಡ ಮೇಲ್ಗಡೆಯ ಒಂದು ಗೀರಿನಲ್ಲಿ ಅಡಗಿವೆ. ಜೇಬಿನಿಂದ ತೆಗೆಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುವಂತಹುದು ಅದರಲ್ಲಿ ಏನೂ ಇಲ್ಲ. ಉದ್ದ ೧೫ ಸೆಂಟಿಮೀಟರಿಗೆ ಸ್ವಲ್ಪ ಮೇಲೆ; ತೂಕ ಸುಮಾರು ೬೦೦ ಗ್ರಾಂ.

ಇಷ್ಟು ಸುಲಭವಾಗಿ ಕೈಗೆ ಬರುವ ಆಯುಧದಿಂದ, ಅದನ್ನು ಹಿಡಿದವನಿಗೇ ಭಯವಲ್ಲವೆ? ಆದುದರಿಂದ ಅದಕ್ಕೆ ಮೂರು ತಡೆಗಳನ್ನು ಇಟ್ಟರು. ಹೆಬ್ಬೆರಳಿನ ಕೀಲು ಒಂದು. ಮುಷ್ಟಿಯು ಹಿಡಿಯ ಹಿಂಭಾಗವನ್ನು ಒತ್ತದಿದ್ದರೆ ಹಾರದಂತೆ ಇನ್ನೊಂದು. ಮ್ಯಾಗಜೀನನ್ನು ಹೊರತೆಗೆದಾಗ ಹಾರದಂತೆ ಮತ್ತೊಂದು. ಮೂರನೆಯದು ಬಹಳ ಮನೆಗಳಲ್ಲಿ ಜೀವವನ್ನು ಉಳಿಸಿರಬೇಕು. ಮ್ಯಾಗಜೀನನ್ನು ತೆಗೆದರೂ ನಳಿಗೆಯಲ್ಲಿ ಒಂದು ತೋಟಾ ಉಳಿದಿರುತ್ತದೆಂಬುದನ್ನು ಮರೆಯುವುದು ಈ ಬಗೆಯ ಪಿಸ್ತೂಲನ್ನು ಹಿಡಿದವರ ಅತಿ ಹಳೆಯ ತಪ್ಪು.

೧೯೧೪ರ ಜೂನ್ ೨೮ರಂದು ಸಾರಾಯೆವೋ ನಗರದಲ್ಲಿ ಗಾವ್ರಿಲೋ ಪ್ರಿನ್ಸಿಪನ ಕೈಯಲ್ಲಿದ್ದದ್ದು ಈ ಮಾದರಿ. ಎಷ್ಟೋ ಪುಸ್ತಕಗಳು ಅದು ೧೯೦೦ರ ಮಾದರಿಯೆಂದು ಬಹುಕಾಲ ಬರೆದುಕೊಂಡು ಬಂದವು. ಪ್ರಿನ್ಸಿಪನ ಪಿಸ್ತೂಲು ಜೆಸ್ಯೂಟ್ ಪಾದ್ರಿಗಳ ವಶದಲ್ಲಿ ಉಳಿದಿದ್ದು, ೨೦೦೪ರಲ್ಲಿ ವಿಯೆನ್ನದ ಸೈನ್ಯ ಇತಿಹಾಸದ ವಸ್ತುಸಂಗ್ರಹಾಲಯಕ್ಕೆ ಬಂದ ಮೇಲೆ ಸಂಶಯ ತೀರಿತು: ೧೯೦೭೪ ಸಂಖ್ಯೆಯ, ೧೯೧೦ರ ಮಾದರಿಯ, ೯ ಮಿಲಿಮೀಟರ್ ಗಿಡ್ಡ ತೋಟಾದ ಬ್ರೌನಿಂಗ್. ಆ ತೋಟಾವೂ ಬ್ರೌನಿಂಗನದೇ, ೧೯೦೮ರಲ್ಲಿ ರೂಪಿಸಿದ್ದು.

ಪ್ರಿನ್ಸಿಪನ ವಿಷಯದಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ೧೯೧೨ರಲ್ಲಿ ಅವನು ಸರ್ಬಿಯದ ಸ್ವಯಂಸೇವಕರ ದಳವನ್ನು ಸೇರಲು ಹೋದಾಗ, ಮೇಜರ್ ತಾಂಕೊಸಿಚ್ ಎಂಬುವನು ಅವನ ಸಣ್ಣ ಮೈಕಟ್ಟನ್ನು ನೋಡಿ ಹಿಂದಕ್ಕೆ ಕಳುಹಿಸಿಬಿಟ್ಟಿದ್ದನು. ರೈಫಲನ್ನು ಹೊತ್ತು ಬೆಟ್ಟಗಳನ್ನು ಹತ್ತಲು ಈ ಹುಡುಗನು ಆಗದವನು. ಎರಡು ವರ್ಷದ ಮೇಲೆ ಬೆಲ್‌ಗ್ರೇಡಿನ ಉದ್ಯಾನವನದಲ್ಲಿ ಮರಗಳಿಗೆ ಗುರಿಯಿಟ್ಟು ಅಭ್ಯಾಸ ಮಾಡಿದಾಗ ಜೊತೆಯವರಿಗಿಂತ ಅವನೇ ಮೇಲಾದನು. ೬೦೦ ಗ್ರಾಂ ತೂಕದ ಯಂತ್ರಕ್ಕೆ ಮೈಕಟ್ಟು ಬೇಕಾಗಿಲ್ಲ. ಅವನು ಎರಡು ಗುಂಡುಗಳನ್ನು ಹಾರಿಸಿದನು, ಇಬ್ಬರು ಸತ್ತರು. ತರುವಾಯದ ಕಥೆಯನ್ನು ವಾಚಕರು ಬಲ್ಲರು.

ಇಲ್ಲಿ ಒಂದು ಸಂದೇಹ ಬರಬಹುದು: ಸಣ್ಣದಾದಷ್ಟೂ ಹಿಡಿಯಲು ಸುಲಭವೇ? ಅಲ್ಲ. ಈ ವಿಷಯದಲ್ಲಿ ಅಂಗಡಿಯ ಮಾತಿಗೂ ಕೈಯ ಅನುಭವಕ್ಕೂ ದೂರ. ಗುಂಡಿಗೆ ಮುಂದಕ್ಕೆ ಎಷ್ಟು ವೇಗೋತ್ಕರ್ಷವೋ ಪಿಸ್ತೂಲಿಗೆ ಹಿಂದಕ್ಕೆ ಅಷ್ಟೇ. ಅದೇ ತೋಟಾವನ್ನು ಅರ್ಧ ತೂಕದ ಪಿಸ್ತೂಲಿನಲ್ಲಿ ಹಾರಿಸಿದರೆ ಅದು ಎರಡರಷ್ಟು ವೇಗದಿಂದ ಕೈಗೆ ಬಡಿಯುತ್ತದೆ. ಒದೆತದ ಶಕ್ತಿಯೂ ಎರಡರಷ್ಟಾಗುತ್ತದೆ. ಬೀಗವಿಲ್ಲದ ಸಣ್ಣ ಪಿಸ್ತೂಲಿನಲ್ಲಿ ಸ್ಲೈಡು ಹಗುರವಾದಷ್ಟೂ ಸ್ಪ್ರಿಂಗು ಬಿಗಿಯಾಗಬೇಕು. ಬೆರಳಿನಲ್ಲಿ ಕಸುವಿಲ್ಲದವರಿಗೆ ಸ್ಲೈಡನ್ನು ಹಿಂದಕ್ಕೆ ಎಳೆಯುವುದೇ ಕಷ್ಟ. ಹಿಡಿಯು ಗಿಡ್ಡವಾದರೆ ಕಿರುಬೆರಳಿಗೆ ಜಾಗವಿಲ್ಲ, ಹಿಡಿತ ತಿರುಚಿಕೊಳ್ಳುತ್ತದೆ. ಕೈ ದೊಡ್ಡದಾಗಿದ್ದು ಮೇಲಕ್ಕೆ ಹಿಡಿದರೆ, ಹಿಂದಕ್ಕೆ ಬರುವ ಸ್ಲೈಡು ಹೆಬ್ಬೆರಳಿನ ಬುಡದ ಚರ್ಮವನ್ನು ಸೀಳುತ್ತದೆ. ಜೊತೆಗೆ ನಳಿಗೆ ಗಿಡ್ಡವಾದಾಗ ಗುರಿಯ ಎರಡು ಕಣ್ಣುಗಳ ಅಂತರ ಕಡಮೆಯಾಗಿ, ಕೈಯ ಅಲ್ಪ ನಡುಕವೂ ದೊಡ್ಡ ತಪ್ಪಾಗುತ್ತದೆ. ಹೀಗಾಗಿ ಹೊಸಬರು ಸಣ್ಣದನ್ನೇ ಬಯಸುತ್ತಾರೆ. ಪಳಗಿದವರು ಸ್ವಲ್ಪ ದೊಡ್ಡದನ್ನು ಕೊಡುತ್ತಾರೆ. ಮೊದಲು ಖಾಲಿ ಪಿಸ್ತೂಲನ್ನು ಹಿಡಿದುನೋಡಿ, ತೋರುಬೆರಳಿನ ಮೊದಲ ಗೆಣ್ಣು ಮಣಿಕಟ್ಟು ತಿರುಗದೆಯೇ ಟ್ರಿಗರನ್ನು ಮುಟ್ಟುತ್ತದೆಯೇ, ಮೂರು ಬೆರಳುಗಳೂ ಹಿಡಿಯನ್ನು ಸುತ್ತುತ್ತವೆಯೇ ಎಂದು ನೋಡುವುದು ಹಳೆಯ ಕ್ರಮ. ಅಂಗುಲಮಾನದಿಂದ ಬಿಲ್ಲನ್ನು ಆರಿಸುತ್ತಿದ್ದ ಆಚಾರ್ಯನು ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದನು.

ಈ ತೊಡಕುಗಳಿಗೆ ಬುದ್ಧಿಪೂರ್ವಕವಾಗಿ ಉತ್ತರ ಕೊಟ್ಟವರು ಜರ್ಮನಿಯ ತ್ಸೆಲ್ಲ-ಮೇಲಿಸ್ ಪಟ್ಟಣದ ವಾಲ್ಟರ್ ಕಂಪೆನಿಯವರು. ೧೯೨೯ರಲ್ಲಿ ಅವರು ತಂದ ‘ಪಿ.ಪಿ.’ ಎಂಬ ಪಿಸ್ತೂಲಿನಲ್ಲಿ, ರಿವಾಲ್ವರಿನಂತೆ ಮೊದಲ ಗುಂಡಿಗೆ ಟ್ರಿಗರಿನ ಉದ್ದನೆಯ ಎಳೆತವೇ ಕುದುರೆಯನ್ನು ಎತ್ತಿ ಬಿಡುತ್ತದೆ. ಆದುದರಿಂದ ಕುದುರೆಯನ್ನು ಇಳಿಸಿಟ್ಟು ನಿಶ್ಚಿಂತೆಯಿಂದ ಒಯ್ಯಬಹುದು. ನಳಿಗೆಯಲ್ಲಿ ತೋಟಾ ಇದ್ದರೆ ಸ್ಲೈಡಿನ ಹಿಂದೆ ಸಣ್ಣ ಕಡ್ಡಿಯೊಂದು ಹೊರಚಾಚುತ್ತದೆ. ಕತ್ತಲೆಯಲ್ಲಿ ಬೆರಳಿಂದ ಮುಟ್ಟಿ ತಿಳಿಯಬಹುದು. ೧೯೩೧ರಲ್ಲಿ ಇದನ್ನೇ ಗಿಡ್ಡಮಾಡಿ ‘ಪಿ.ಪಿ.ಕೆ.’ ಎಂದು ಮಾರಿದರು. ಹಿಡಿಯ ಹಿಂಭಾಗದ ಉಕ್ಕನ್ನು ಬಿಟ್ಟು ಒಂದೇ ಅಚ್ಚಿನ ಹೊದಿಕೆಯಿಂದ ಸುತ್ತಿ, ಮ್ಯಾಗಜೀನಿನ ಅಡಿಯಲ್ಲಿ ಕಿರುಬೆರಳಿಗೆ ಒಂದು ತುಟಿಯನ್ನು ಚಾಚಿದರು. ೧೯೪೫ರ ಏಪ್ರಿಲ್ ೩೦ರಂದು ಬರ್ಲಿನ್ನಿನ ನೆಲಮನೆಯಲ್ಲಿ ಹಿಟ್ಲರನು ತನ್ನನ್ನು ಕೊಂದುಕೊಂಡದ್ದು ವಾಲ್ಟರಿನಿಂದಲೇ. ಇದೇ ಕಂಪೆ‌ನಿ ೧೯೯೦ರ ದಶಕದಲ್ಲಿ ಹೊರತಂದ ಪಿ-೯೯ ಎಂಬ ಪಿಸ್ತೂಲಿನಲ್ಲಿ ಕೈಯ ಗಾತ್ರಕ್ಕೆ ತಕ್ಕಂತೆ ಹಿಡಿಯ ಹಿಂಬದಿಯ ಪಟ್ಟಿಯನ್ನೇ ಬದಲಿಸಿಕೊಳ್ಳುವ ಏರ್ಪಾಡಿದೆ. ಕೈಯನ್ನು ಆಯುಧಕ್ಕೆ ಒಗ್ಗಿಸುತ್ತಿದ್ದ ಕಾಲ ಮುಗಿದು, ಅಂಗಡಿಯವನು ಕೈಯ ಅಳತೆಯನ್ನು ಕೇಳುವ ಕಾಲ ಬಂದಿತು.

ವಾಲ್ಟರಿಗೆ ಎದುರಾಗಿ ಇಟಲಿಯವರು ನಿಲ್ಲಿಸಿದ್ದು ಬೆರೆಟ್ಟಾ. ಗಾರ್ಡೊನೆ ಕಣಿವೆಯ ಈ ಮನೆತನದವರು ೧೫೨೬ರಲ್ಲಿಯೇ ವೆನಿಸ್ ನಗರದ ಆಯುಧಾಗಾರಕ್ಕೆ ೧೮೫ ಬಂದೂಕಿನ ನಳಿಗೆಗಳನ್ನು ಮಾಡಿಕೊಟ್ಟು ಹಣ ಪಡೆದ ದಾಖಲೆಯಿದೆ. ತುಲ್ಲಿಯೊ ಮರೆಂಗೊನಿ ಎಂಬ ಶಿಲ್ಪಿ ರೂಪಿಸಿದ ಅವರ ೧೯೩೪ರ ಮಾದರಿಯಲ್ಲಿ ವಾಲ್ಟರಿನ ನಾಜೂಕು ಇಲ್ಲ. ಭಾಗಗಳು ಕಡಮೆ, ಸ್ಲೈಡಿನ ಮೇಲ್ಭಾಗ ತೆರೆದಿರುವುದರಿಂದ ಖಾಲಿ ತೋಟಾ ಸಿಕ್ಕಿಕೊಳ್ಳುವ ಸಂಭವ ಕಡಮೆ. ಭದ್ರತೆಯ ಕೀಲನ್ನು ಅರ್ಧ ಸುತ್ತು ತಿರುಗಿಸಬೇಕು, ಇದು ಹೆಬ್ಬೆರಳಿಗೆ ತೊಡಕು. ಕಿರುಬೆರಳಿಗೆ ಮ್ಯಾಗಜೀನಿನ ತುದಿಯಲ್ಲಿ ಒಂದು ಕೊಕ್ಕೆ. ಏಳು ತೋಟಾ. ತೂಕ ಸುಮಾರು ೬೬೦ ಗ್ರಾಂ. ಉದ್ದ ೧೫ ಸೆಂಟಿಮೀಟರು, ಅದರ ಮೇಲೆ ಎರಡು ಮಿಲಿಮೀಟರು. ತೋಟಾವನ್ನು ಇಟಲಿಯವರು ‘ಕೊರ್ತೊ’, ಎಂದರೆ ಗಿಡ್ಡ, ಎಂದು ಕರೆದರು. ಅದು ಬ್ರೌನಿಂಗನ ೧೯೦೮ರ ತೋಟಾ, ಸಾರಾಯೆವೋದಲ್ಲಿ ಹಾರಿದ ತೋಟಾ.

೧೯೪೮ರ ಜನವರಿ ೨೦ರಂದು ದೆಹಲಿಯ ಬಿರ್ಲಾ ಭವನದಲ್ಲಿ ಬಾಂಬು ಸಿಡಿದು ಒಳಸಂಚು ವಿಫಲವಾದಾಗ, ಆ ಗುಂಪಿನವರ ಬಳಿ ಇದ್ದುದು ಎರಡು ರಿವಾಲ್ವರುಗಳು. ಅವು ಪರೀಕ್ಷೆಯಲ್ಲಿಯೇ ನಂಬಿಕೆಗೆ ಅರ್ಹವಾಗಿರಲಿಲ್ಲ. ಎಂಟು ದಿನದೊಳಗೆ ನಾಥೂರಾಮ ಗೋಡ್ಸೆಯು ಗ್ವಾಲಿಯರಿಗೆ ಹೋಗಿ ಪಿಸ್ತೂಲೊಂದನ್ನು ಸಂಪಾದಿಸಿಕೊಂಡು ಬಂದನು. ೬೦೬೮೨೪ ಸಂಖ್ಯೆಯ ಬೆರೆಟ್ಟಾ, ೧೯೩೪ರ ಮಾದರಿ. ಜನವರಿ ೩೦ರ ಸಂಜೆ ಐದು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ, ಮೊಮ್ಮಕ್ಕಳಂತಿದ್ದ ಇಬ್ಬರು ತರುಣಿಯರ ಹೆಗಲ ಮೇಲೆ ಕೈಯಿಟ್ಟು ಗಾಂಧೀಜಿಯವರು ಪ್ರಾರ್ಥನೆಯ ಜಗಲಿಯತ್ತ ನಡೆದು ಬರುತ್ತಿದ್ದರು. ಖಾಕಿ ಅಂಗಿಯ ಮನುಷ್ಯನೊಬ್ಬನು ಗುಂಪಿನಿಂದ ಮುಂದೆ ಬಂದು ಕೈಮುಗಿದನು. ಪಿಸ್ತೂಲು ಆಗಲೇ ಜೋಡಿಸಿದ ಅಂಗೈಗಳ ನಡುವೆ ಇದ್ದಿತೆಂದು ಹಲವು ವೃತ್ತಾಂತಗಳು ಹೇಳುತ್ತವೆ. ಮೂರು ಗುಂಡುಗಳು.

ಶಾಲೆಯನ್ನು ಬಿಟ್ಟು ವರ್ಷಗಳಾದ ಮೇಲೆ ಈ ಅಳತೆಗಳನ್ನೆಲ್ಲ ಬರೆದುಕೊಳ್ಳುತ್ತ ಕುಳಿತಿದ್ದ ದಿನ, ಮೊಮ್ಮಗಳ ಕಂಪಾಸು ಪೆಟ್ಟಿಗೆಯಿಂದ ಅಳತೆಪಟ್ಟಿಯನ್ನು ತೆಗೆದೆನು. ಹದಿನೈದು ಸೆಂಟಿಮೀಟರಿನದು; ತರಗತಿಯಲ್ಲಿ ಪ್ರಶ್ನೆ ಕೇಳಿದ ಆ ಹುಡುಗಿಯ ಡೆಸ್ಕಿನ ಮೇಲೂ ಅಂದು ಇಂತಹುದೊಂದು ಇದ್ದಿರಬೇಕು. ಅದನ್ನು ಎರಡು ಅಂಗೈಗಳ ನಡುವೆ ಉದ್ದಕ್ಕೆ ಇಟ್ಟು ಕೈಮುಗಿದು ನೋಡಿದೆನು. ಪಟ್ಟಿಯ ತುದಿ ಬೆರಳುಗಳಿಗಿಂತ ಕೆಳಗೇ ನಿಂತಿತು. ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು, “ಯಾರಿಗೆ ತಾತ, ನಮಸ್ಕಾರ ಮಾಡ್ತಿದ್ದೀರಿ?” ಎಂದಳು. ಕೈಯೊಳಗೆ ಏನೋ ಇದೆಯೆಂದು ಅವಳಿಗೆ ಕಾಣಿಸಿರಲಿಲ್ಲ.